ಬ್ರೇಕ್ ಮೇಷ್ಟ್ರು ಕಟ್ಟಿಸಿದ ರ‍್ಯಾಂಪ್

ನನ್ನ ಗಂಡ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೊಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂರುವ ಇವರ ಕಾಲ ಕೆಳಗೂ ಇನ್ನೊಂದಿರುತ್ತದೆ. ಕಲಿಯುವವರು ಬ್ರೇಕ್ ಒತ್ತಬೇಕು ಅಂದುಕೊಳ್ಳುವಷ್ಟರಲ್ಲಿ ಇವರು ಒತ್ತಿ ಆಗಿರುತ್ತದೆ. ಅದಕ್ಕೇ ಹುಡುಗರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಎದುರಿಗೆ ಸರ್, ಬೆನ್ನ ಹಿಂದೆ ಬ್ರೇಕ್. ಇವರಿಗೆ ಎರಡೂ ಗೊತ್ತು, ಯಾವುದಕ್ಕೂ ಬೇಜಾರಿಲ್ಲ.

ಬೇಜಾರು ನನಗೆ. ಕಾಯಿಲೆ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ನಾನು ಗಾಲಿಕುರ್ಚಿ ಹಿಡಿದ ಮೇಲೆ ಈ ಚಾಳಿ ಮನೆಗೂ ಬಂತು. ನೀರಿನ ಲೋಟಕ್ಕೆ ಕೈ ಚಾಚಿದರೆ ಲೋಟವೇ ಬಂದು ಕೈಯಲ್ಲಿ ಕೂರುತ್ತಿತ್ತು. ಕಿಟಕಿಯ ಕಡೆ ನೋಡಿದರೆ ಸಾಕು, ಕುರ್ಚಿ ತಾನೇ ಆ ಕಡೆ ತಿರುಗುತ್ತಿತ್ತು. ತಿರುಗಿ ನೋಡಿದರೆ ಹಿಂದೆ ಇವರು! ಇದು ಪ್ರೀತಿ ಅಂತ ನನಗೂ ಗೊತ್ತು. ಆದರೂ ಮೈಯೆಲ್ಲ ಉರಿಯುತ್ತಿತ್ತು.

ಇದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಚರ್ಚಿನಲ್ಲಿ. ನಮ್ಮ ಚರ್ಚಿನ ಮುಂಬಾಗಿಲಿಗೆ ಎತ್ತರದ ಮೆಟ್ಟಿಲು. ಪ್ರತಿ ಭಾನುವಾರ ನಾಲ್ಕು ಗಂಡಸರು ನನ್ನ ಕುರ್ಚಿಯನ್ನು ನಾಲ್ಕು ಮೂಲೆಯಲ್ಲಿ ಹಿಡಿದು ಎತ್ತುತ್ತಿದ್ದರು. "ಸ್ವಲ್ಪ ಎಡಕ್ಕೆ ತಗೊಳ್ಳಿ, ಬಾಗಿಲಿಗೆ ತಾಗುತ್ತೆ, ಹುಷಾರು, ಇಳಿಸಿ ಇಳಿಸಿ." ನಾನೇನು ಮನುಷ್ಯಳೋ, ಬಟ್ಟೆ ಬೀರುವೋ? ಬಾಗಿಲ ಪಕ್ಕ ಗೋಡೆಗೆ ಒತ್ತಿ ಇಟ್ಟು, ಕೈ ಕೊಡವಿಕೊಂಡು ಹೋಗುತ್ತಿದ್ದರು. ಪ್ರಾರ್ಥನೆ ಮುಗಿಯುವವರೆಗೆ ಇಟ್ಟಲ್ಲೇ ಇರಬೇಕು. ಒಂದು ಭಾನುವಾರ "ನಾನು ಬರಲ್ಲ" ಎಂದೆ. ಮುಂದಿನ ಭಾನುವಾರವೂ ಅದನ್ನೇ ಅಂದೆ. ನನ್ನ ಕಾಲ ಮೇಲೆ ನಾನು ನಿಲ್ಲುವುದಂತೂ ಮುಗಿದ ಮಾತು. ನನ್ನ ಕೈಯಿಂದಲೇ ಗಾಲಿ ತಳ್ಳಿಕೊಂಡು ನಾನೇ ಒಳಗೆ ಹೋಗುವ ದಿನ ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಅಂತ ಹಟ ಹಿಡಿದೆ.

ಇವರು ವಾದ ಮಾಡಲಿಲ್ಲ. ಫಾದರ್ ಹತ್ತಿರ ಹೋಗಿ, ಗಾಲಿಕುರ್ಚಿ ಏರುವ ಇಳಿಜಾರಿನ ರ‍್ಯಾಂಪ್ ಕಟ್ಟಲು ಅಪ್ಪಣೆ ತಂದರು. ಚರ್ಚಿನ ಹುಡುಗ ಹುಡುಗಿಯರನ್ನು ಕಲೆಹಾಕಿದರು. ಅರ್ಧಕ್ಕರ್ಧ ಜನ ಇವರ ಹತ್ತಿರವೇ ಕಾರು ಕಲಿತವರು, ಆದ್ದರಿಂದ ಬೈಸಿಕೊಂಡು ಅಭ್ಯಾಸವಿತ್ತು. ಅವರಲ್ಲೊಬ್ಬನ ಹೆಸರು ರಿವರ್ಸ್. ಹಿಂದಕ್ಕೆ ಓಡಿಸುವ ಪರೀಕ್ಷೆಯಲ್ಲಿ ಪ್ರತಿ ಸಲ ಕಂಬಕ್ಕೇ ಗುದ್ದಿದವನು. ಇನ್ನೊಬ್ಬಳು ಬೇಕರಿಯವರ ಮಗಳು. ದಿನಾ ಹಿಟ್ಟು ನಾದಿ ನಾದಿ ಗಟ್ಟಿಯಾದ ತೋಳು. ಗಾರೆ ಕಲಸುವುದಕ್ಕೆ ಅವಳನ್ನು ಬಿಟ್ಟರೆ ಇಲ್ಲ.

ವಾರದ ರಜೆಗಳೆಲ್ಲ ಅದಕ್ಕೇ ಹೋದವು. ಇವರು ಸಂಜೆ ಮೈತುಂಬ ಸಿಮೆಂಟು ಬಳಿದುಕೊಂಡು ಬರುತ್ತಿದ್ದರು. "ಎಲ್ಲಿಂದ ಕಟ್ತಿದ್ದೀರಿ, ಎಷ್ಟುದ್ದ?" ಎಂದರೆ, "ಮುಗಿದ ಮೇಲೆ ನೋಡುವಿಯಂತೆ, ಸುಮ್ನಿರು" ಎನ್ನುವರು. ಒಂದು ಮಾತ್ರ ಹೆಮ್ಮೆಯಿಂದ ಹೇಳಿದರು: "ಪಕ್ಕದ ಬಾಗಿಲಿಂದ ಕಟ್ಟಿ ಅಂದ್ರು ಫಾದರ್. ಆಗಲ್ಲ ಅಂದೆ. ನನ್ನ ಹೆಂಡ್ತಿ ಮುಂಬಾಗಿಲಿಂದಲೇ ಬರ್ತಾಳೆ."

ಮುಗಿದ ಸಂಜೆ ನನ್ನನ್ನು ಕರೆದುಕೊಂಡು ಹೋದರು. ನೋಡಲು ಎಷ್ಟು ಚೆಂದ! ನುಣುಪಾದ ಅಂಚು, ಎರಡೂ ಬದಿಗೆ ಕಂಬಿ, ಕಂಬಿಗೆ ಬಿಳಿ ಬಣ್ಣ. ಆದರೆ ಗೇಟಿಗೂ ಮುಂಬಾಗಿಲಿಗೂ ನಡುವೆ ಇದ್ದದ್ದೇ ಅಂಗೈಯಗಲ ಜಾಗ. ಅಷ್ಟರಲ್ಲೇ ಅಷ್ಟೆತ್ತರ ಏರಬೇಕು.

"ಗಟ್ಟಿ ಇದೆ ಆಂಟಿ. ತಳ್ಳುಗಾಡಿ ತುಂಬಾ ಮರಳು ಹಾಕ್ಕೊಂಡು ತಳ್ಳಿದೆ, ಸರ್ರನೆ ಹತ್ತಿಬಿಡ್ತು" ಎಂದ ರಿವರ್ಸ್.

ನಾನು ಎಲ್ಲರಿಗೂ ದೂರ ನಿಲ್ಲಲು ಹೇಳಿ ಗಾಲಿಗೆ ಕೈ ಹಾಕಿದೆ. ಎರಡು ಸಲ ಒತ್ತಿದೆ, ಹೋಯಿತು. ಮೂರನೆಯ ಸಲಕ್ಕೆ ಭುಜ ನಡುಗಿತು. ಅರ್ಧಕ್ಕೂ ಮೊದಲೇ ಕುರ್ಚಿ ಹಿಂದಕ್ಕೆ ಜಾರಿತು. ಹಿಂದಿನಿಂದ ಇವರ ಕೈ ಹಿಡಿದುಕೊಂಡಿತು, ಇನ್ನೇನು!

"ಅಷ್ಟೇ ತಾನೇ ಆಂಟಿ, ನಾವಿಬ್ಬರು ತಳ್ತೀವಿ ಬಿಡಿ" ಎಂದ ರಿವರ್ಸ್.

"ನಾಲ್ಕು ಜನ ಎತ್ತೋದು ಬಿಟ್ಟು ಇಬ್ಬರು ತಳ್ಳೋದಕ್ಕಾ ಇಷ್ಟೆಲ್ಲ ಸಿಮೆಂಟು ಸುರಿದದ್ದು? ಮರಳನ್ನ ಹತ್ತಿಸಿ ನೋಡಿದ್ರಿ. ಕೂತು ಹತ್ತೋಳು ನಾನು, ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಅಲ್ಲೇ ನಿಂತಿದ್ದ ಫಾದರ್, "ಎಲ್ಲರ ಮನಸ್ಸೂ ದೇವರಿಗೆ ಗೊತ್ತಮ್ಮಾ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಬೇಕರಿಯ ಹುಡುಗಿಯ ಕಣ್ಣು ತುಂಬಿತ್ತು. ಅವಳ ಕೈ ನೋಡಿದೆ, ಬೆರಳ ಸಂದಿಯೆಲ್ಲ ಸಿಮೆಂಟು ತಿಂದು ಒಡೆದಿತ್ತು. ನನಗೆ ಅಳು ಬಂತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಎದ್ದರೆ ಹಾಸಿಗೆಯ ಪಕ್ಕ ಕುರ್ಚಿಯೇ ಇಲ್ಲ! ಕೂಗಿದೆ, ಕಿರುಚಿದೆ, ಇವರ ವಂಶವನ್ನೆಲ್ಲ ಜಾಲಾಡಿದೆ. ಬಹಳ ಹೊತ್ತಾದ ಮೇಲೆ ಬೆವರಿಳಿಸುತ್ತ ಕುರ್ಚಿ ತಳ್ಳಿಕೊಂಡು ಬಂದರು. ಅಂಗೈ ಕೆಂಪಗೆ ತರಚಿತ್ತು.

"ನಾನೇ ಕೂತು ಹತ್ತಿ ನೋಡಿದೆ ಕಣೇ. ನೀನು ಹೋದಷ್ಟು ದೂರನೂ ಹೋಗೋಕಾಗ್ಲಿಲ್ಲ. ಹುಡುಗರನ್ನೂ ಒಬ್ಬೊಬ್ಬರನ್ನೇ ಕೂರಿಸಿದೆ. ರಿವರ್ಸ್ ಒಬ್ಬನೇ ಸಲೀಸಾಗಿ ಬಂದ, ಅದೂ ಹಿಂದಕ್ಕೆ."

ನಗು ತಡೆಯಲಾಗಲಿಲ್ಲ. ಇವರು ನಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, "ಕಟ್ಟಿದ್ದನ್ನೆಲ್ಲ ಹುಡುಗರು ಒಡೀತಿದ್ದಾರೆ. ನಾನು ಹೇಳೋ ಮುಂಚೆ ಬೇಕರಿ ಹುಡುಗಿನೇ ಹಾರೆ ತಗೊಂಡಳು. ಈಗ ಹೇಳು, ಹೇಗೆ ಕಟ್ಟಬೇಕು?" ಎಂದರು. ಕಾಯಿಲೆ ಬಿದ್ದಾಗಿನಿಂದ ಇವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು ಅಂತ ನನಗನ್ನಿಸಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಈ ಮಕ್ಕಳನ್ನು ಕಟ್ಟಿಕೊಂಡು ರ‍್ಯಾಂಪ್ ಕಟ್ಟಿ ನೋಡಬೇಕು! ನಾನು ಚರ್ಚಿನ ಅಂಗಳದಲ್ಲಿ ಠಿಕಾಣಿ ಹೂಡಿದೆ. ಮುಂಬಾಗಿಲಿನ ಆಸೆ ಬಿಡಿ, ಪಕ್ಕದ ಬಾಗಿಲಿಗೇ ಗೋಡೆಯುದ್ದಕ್ಕೂ ನಿಧಾನವಾಗಿ ಏರಲಿ, ನಡುವೆ ಉಸಿರಾಡಲು ಒಂದು ಸಮತಟ್ಟು ಜಾಗ ಇರಲಿ ಎಂದೆ. ಹಲಗೆ ಹಾಸಿ, ಅದರ ಮೇಲೆ ನಾನು ಏರಿ "ಹೂಂ" ಅಂದ ಮೇಲೇ ಆ ಭಾಗಕ್ಕೆ ಗಾರೆ ಬೀಳುತ್ತಿತ್ತು. "ಮೊದಲು ಒಬ್ಬರು ಬ್ರೇಕು, ಈಗ ಇಬ್ಬರು" ಎಂದು ರಿವರ್ಸ್ ಗೊಣಗಿದ್ದು ನನಗೆ ಕೇಳಿಸಿತು. ಅವತ್ತು ಅವನ ಕೈಯಲ್ಲೇ ನೀರು ಹೊರಿಸಿದೆ.

ಕೊನೆಗೆ ಆ ಭಾನುವಾರ ಬಂತು. ಗಂಟೆ ಹೊಡೆಯಿತು, ಜನರೆಲ್ಲ ಒಳಗೆ ಹೋದರು. ರ‍್ಯಾಂಪಿನ ಬುಡದಲ್ಲಿ ನಾನು, ನನ್ನ ಹಿಂದೆ ಇವರು.

"ರೀ, ನೀವು ಮುಂಬಾಗಿಲಿಂದ ಒಳಗೆ ಹೋಗಿ."

"ನೀನು?"

"ಬರ್ತೀನಿ."

"ಜಾರಿದ್ರೆ?"

"ಜಾರಿದ್ರೆ ಕೂಗ್ತೀನಿ. ನನ್ನ ಗಂಟಲು ನಿಮಗೆ ಗೊತ್ತಿಲ್ವಾ? ಹೋಗಿ."

ಹೋದರು. ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಮೂಲೆ ದಾಟಿದರು. ಮಗುವನ್ನು ಮೊದಲ ದಿನ ಶಾಲೆಯಲ್ಲಿ ಬಿಟ್ಟು ಹೋಗುವ ತಾಯಿಯ ಮುಖವಾಗಿತ್ತು ಅದು. ಪಾಪ ಅನ್ನಿಸಿತು. ಆದರೂ ಕರೆಯಲಿಲ್ಲ.

ಗಾಲಿಗೆ ಕೈ ಹಾಕಿದೆ. ಒತ್ತಿದೆ, ಒತ್ತಿದೆ. ನಡುವಿನ ಜಾಗದಲ್ಲಿ ನಿಂತು ಉಸಿರು ಬಿಟ್ಟೆ. ಭುಜ ನೋಯುತ್ತಿತ್ತು, ಆದರೆ ಕುರ್ಚಿ ನಿಂತಲ್ಲೇ ನಿಂತಿತ್ತು. ಮತ್ತೆ ಒತ್ತಿದೆ. ಪಕ್ಕದ ಬಾಗಿಲು ತೆರೆದದ್ದು ನೇರ ಮುಂದಿನ ಬೆಂಚುಗಳ ಬಳಿಗೆ. ಎಲ್ಲಿ ಇರಲಿ ಎಂದು ಒಂದು ಕ್ಷಣ ಯೋಚಿಸಿದೆ. ಬಲಗಡೆಯ ಕಿಟಕಿಯ ಹತ್ತಿರ ಒಳ್ಳೆಯ ಬೆಳಕಿತ್ತು. ಅಲ್ಲಿಗೆ ಹೋದೆ.

ಎಲ್ಲರೂ ಪ್ರಾರ್ಥನೆಗೆ ಎದ್ದು ನಿಂತರು. ಅಷ್ಟರಲ್ಲಿ ಪಕ್ಕದ ಬಾಗಿಲಿಂದ ಇವರು ಏದುಸಿರು ಬಿಡುತ್ತ ನುಗ್ಗಿದರು. ಮುಂಬಾಗಿಲ ಪಕ್ಕ ನನ್ನನ್ನು ಇಡುತ್ತಿದ್ದ ಗೋಡೆಯ ಬಳಿ ನೋಡಿದ್ದಾರೆ, ನಾನಿಲ್ಲ. ಹೊರಗೆ ಓಡಿದ್ದಾರೆ, ರ‍್ಯಾಂಪಿನ ಮೇಲೂ ಇಲ್ಲ. ನನ್ನನ್ನು ಕಂಡವರೇ, ಫಾದರ್ ಪ್ರಾರ್ಥನೆ ಹೇಳುತ್ತಿದ್ದಾರೆ ಅನ್ನುವುದನ್ನೂ ಮರೆತು, "ಎಲ್ಲಿ ಹೋಗಿದ್ದೆ ನೀನು? ಎಲ್ಲಾ ಕಡೆ ಹುಡುಕಿದೆ!" ಎಂದು ಗಟ್ಟಿಯಾಗಿ ಕೂಗಿಬಿಟ್ಟರು.

ಇಡೀ ಚರ್ಚು ತಿರುಗಿ ನೋಡಿತು. ನನಗೆ ನಾಚಿಕೆಯಾಗಲಿಲ್ಲ. ಇಷ್ಟು ವರ್ಷ ನನ್ನನ್ನು ಎಲ್ಲಿ ಇಟ್ಟರೋ ಅಲ್ಲೇ ಇರುತ್ತಿದ್ದೆ. ಹುಡುಕುವ ಕಷ್ಟ ಯಾರಿಗೂ ಬಂದಿರಲಿಲ್ಲ.

"ಇಲ್ಲೇ ಇದ್ದೀನಿ, ಕೂತ್ಕೊಳ್ಳಿ" ಎಂದೆ.