ಸೈಲೆನ್ಸರ್ ಮಸಿಯೂ ಹುರುಳಿ ಹೊಟ್ಟೂ

ನನ್ನ ಹಳೇ ಪೆಟ್ರೋಲ್ ಕಾರಿನ ಸೈಲೆನ್ಸರ್ ಬಾಯಿ ಸೌದೆ ಒಲೆಯ ಪಾತ್ರೆ ತಳದ ಹಾಗೆ ಕಪ್ಪಗಾಗಿತ್ತು. ಎಂಜಿನ್ನೇ ಹೋಯ್ತು ಅಂತ ನಂಜನಗೂಡಿನಲ್ಲಿ ಕಂಡವರೆಲ್ಲ ಸಂತಾಪ ಸೂಚಿಸಿದ್ದರು. ದಿನಾ ಕೆಲಸಕ್ಕೆ ಟಿ. ನರಸೀಪುರದ ಮೇಲೆ ಸೋಮನಾಥಪುರಕ್ಕೆ ಹೋಗಬೇಕಾದ ನನಗೆ ಕಾರಿಲ್ಲದೆ ನಡೆಯದು. ಕೊನೆಗೆ ಸೋಮನಾಥಪುರದ ಒಬ್ಬ ಮೆಕ್ಯಾನಿಕ್ ಮುಂದೆ ಕಾರು ನಿಲ್ಲಿಸಿದೆ.

ಆತ ಬೆರಳಲ್ಲಿ ಮಸಿ ಒರೆಸಿ ನೋಡಿದ. "ಒಣಮಸಿ ಸಾ. ಆಯಿಲ್ ಉರಿದಿದ್ರೆ ಜಿಡ್ಡಿರೋದು. ಎಂಜಿನ್ ಚೆನ್ನಾಗೇ ಅದೆ, ಉಸಿರು ಕಟ್ಕಂಡದೆ ಅಷ್ಟೆಯ" ಎಂದವನೇ ಏರ್ ಫಿಲ್ಟರ್ ಬಿಚ್ಚಿ ಕುಟ್ಟಿದ. ಬೊಗಸೆ ತುಂಬ ಹುರುಳಿ ಹೊಟ್ಟು ಸುರಿಯಿತು!

"ಗಾಳಿ ಸಾಲ್ದೆ ಪೆಟ್ರೋಲ್ ಅರ್ಧಂಬರ್ಧ ಉರ್ದು ಮಸಿ ಕಕ್ತಾ ಅದೆ. ನೀವು ಕಾರು ಓಡುಸ್ತೀರೋ, ಒಕ್ಕಣೆ ಮಾಡ್ತೀರೋ?"

"ನಾನೇನು ಮಾಡ್ಲಪ್ಪಾ? ಇಲ್ಲೇ ಊರಾಚೆ ಬೇವಿನ ಮರದ ತಿರುವಲ್ಲಿ ಒಬ್ರು ಅಜ್ಜಿ ದಿನಾ ರಸ್ತೆ ತುಂಬ ಹುರುಳಿ ಹರಡಿರ್ತಾರೆ. ಕಾಳು ಸರಿಯಾಗಿ ಉದುರಲಿಲ್ಲ ಅಂದ್ರೆ ರಿವರ್ಸೂ ಹೊಡೆಸ್ತಾರೆ!"

ಆತನ ಕೈಯಿಂದ ಸ್ಪ್ಯಾನರ್ ಬಿತ್ತು. "ಅದು ನಮ್ಮವ್ವ ಕಣ್ ಸಾ!"

ಇಬ್ಬರೂ ಬಾನೆಟ್ ಹಿಡಿದುಕೊಂಡು ನಕ್ಕೆವು. ಹೊಸ ಫಿಲ್ಟರ್ ಹಾಕಿ, ಟ್ರಯಲ್ ನೋಡೋಕೆ ಅವನೇ ಸ್ಟೀರಿಂಗ್ ಹಿಡಿದ. ಕಾರು ಕರುವಿನ ಹಾಗೆ ಚಂಗನೆ ನೆಗೆದು ನೇರ ಬೇವಿನ ಮರದ ತಿರುವಿಗೇ ಬಂತು. ಅಜ್ಜಿ ಸೆರಗು ಸಿಕ್ಕಿಸಿ ರಸ್ತೆ ಮಧ್ಯ ನಿಂತಿದ್ದರು. ಮಗ ಈಗ ತಾಯಿಗೆ ಬುದ್ಧಿ ಹೇಳುತ್ತಾನೆ ಅಂದುಕೊಂಡೆ.

ಆತ ಗಾಜು ಇಳಿಸಿ, "ಅವ್ವಾ, ಎಷ್ಟು ಸುತ್ತು?" ಅಂದ.

ಈಗ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಒಂದು ಫಿಲ್ಟರೂ ಇಟ್ಟಿರುತ್ತೇನೆ. ಸುಗ್ಗಿ ಇನ್ನೂ ಮುಗಿದಿಲ್ಲ ನೋಡಿ.