ಮೀನು ತಿನ್ನದ ಅತ್ತೆ, ಮೀನಿನ ಖಾತೆ

ನಿನ್ನೆ ಸಂಜೆ ಕೋಪರಖೈರಣೆಯಲ್ಲಿ ಠಾಣೆಯ ಲೋಕಲ್ ಹತ್ತಿದಾಗ ಪಕ್ಕದ ಸಾಮಾನು ಸಾಗಿಸುವ ಮಾಲ್ ಡಬ್ಬಿಯಿಂದ ಒಣಮೀನಿನ ವಾಸನೆ ಬಂತು. ಬುಟ್ಟಿಯ ಒಡತಿ ಸರಳುಗಳಾಚೆ ಕಾಲು ಚಾಚಿ ಕೂತು ತೂಕಡಿಸುತ್ತಿದ್ದಳು. ನಮ್ಮ ಡಬ್ಬಿಯಲ್ಲಿ ಒಬ್ಬೊಬ್ಬರಾಗಿ ಕರ್ಚೀಫು ಹೊರಗೆ ತೆಗೆದರು. ಒಬ್ಬ ಯುವಕನಂತೂ ಲ್ಯಾಪ್‌ಟಾಪಿನ ಚೀಲವನ್ನೇ ಮೂಗಿಗೆ ಒತ್ತಿಕೊಂಡ. ನಾನು ಮಾತ್ರ ಕಿಟಕಿಗೆ ಒರಗಿ ಉಸಿರನ್ನು ದೀರ್ಘವಾಗಿ ಒಳಗೆಳೆದುಕೊಂಡೆ. ನನ್ನನ್ನು ತಪ್ಪು ತಿಳಿಯಬೇಡಿ, ಹುಟ್ಟಿದಂದಿನಿಂದ ನಾನು ಮೀನನ್ನು ಬಾಯಿಗಿಟ್ಟವನಲ್ಲ. ನಮ್ಮದು ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ, ಈರುಳ್ಳಿಯನ್ನು ಕೂಡ ಪಂಚಾಂಗ ನೋಡಿ ಹೆಚ್ಚುವ ಮನೆ. ಆದರೂ ಈ ವಾಸನೆ ಬಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೆ ಕಾರಣ ನಮ್ಮ ಸರಸತ್ತೆ.

ಸರಸತ್ತೆ ಅಪ್ಪನ ತಂಗಿ. ಮದುವೆ ಆಗಲಿಲ್ಲ, ನಮ್ಮ ಜೊತೆಯೇ ಇದ್ದರು, ಈಗಲೂ ಇದ್ದಾರೆ. ಕಾಲೇಜು ಮುಗಿಸಿ ಸರಕಾರಿ ಪರೀಕ್ಷೆಗೆ ಕೂತು ಒಳ್ಳೆಯ ಅಂಕದಲ್ಲೇ ಪಾಸಾದರು. ಸರಕಾರ ಅವರನ್ನು ಹಾಕಿದ್ದು ಮೀನುಗಾರಿಕೆ ಖಾತೆಗೆ. ಆ ದಿನ ನಮ್ಮ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, "ಅಷ್ಟು ದೊಡ್ಡ ಸರಕಾರದಲ್ಲಿ ಬೇರೆ ಖಾತೆಯೇ ಇರ್ಲಿಲ್ವಾ? ತೋಟದ್ದೋ ದೇವಸ್ಥಾನದ್ದೋ ಒಂದು ಕೊಡ್ಲಿಕ್ಕೆ ಎಂತ ಆಗಿತ್ತು ಅವರಿಗೆ?" ಎಂದು ಕೇಳಿದ್ದರಂತೆ. ಅಜ್ಜಿಯ ಈ ಅಹವಾಲು ಸರಕಾರವನ್ನು ತಲುಪಲಿಲ್ಲ. ಅತ್ತೆ ಅದೇ ಖಾತೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಕೊನೆಗೆ ಇಡೀ ಕರಾವಳಿಯ ಕಡತಗಳು ಬಂದು ನಿಲ್ಲುವ ಕುರ್ಚಿಯಲ್ಲಿ ಕೂತರು. ಯಾವ ತಿಂಗಳಲ್ಲಿ ದೋಣಿ ನೀರಿಗಿಳಿಯಬಾರದು, ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು, ಯಾವ ದಂಡೆ ಯಾರಿಗೆ ಬಿಡಬೇಕು ಎಂಬುದೆಲ್ಲ ಅವರ ಸಹಿಗೆ ಕಾಯುತ್ತಿತ್ತು. ಮನೆಯಲ್ಲಿ ಮಾತ್ರ ಅವರು ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಿತ್ತು.

ಅಜ್ಜಿ ಬಾಗಿಲ ಹೊರಗೆ ಒಂದು ನೀಲಿ ಬಕೆಟ್ಟು ಇಟ್ಟಿದ್ದರು. ಅತ್ತೆ ಆಫೀಸಿನಿಂದ ಬಂದವರು ಅಲ್ಲೇ ಕೈಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು, ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು. ಕೆಳಗೆ ಸರಕಾರಿ ಕಾರು, ಅದರ ಮೇಲೆ ದೀಪ, ಫೈಲು ಹೊತ್ತು ಮೇಲೆ ಬಂದ ಡ್ರೈವರ್. ಅವನ ಎದುರಿಗೇ ಇಲಾಖೆಯ ಹಿರಿಯ ಅಧಿಕಾರಿ ಸೀರೆಯ ನೆರಿಗೆ ಎತ್ತಿ ಹಿಡಿದು ಚೊಂಬಿನಿಂದ ಪಾದಕ್ಕೆ ನೀರು ಹಾಕಿಕೊಳ್ಳುತ್ತಿದ್ದರು.

"ಅಮ್ಮ, ನಾನು ಮೀನು ಮುಟ್ಲಿಲ್ಲ. ಫೈಲು ಮಾತ್ರ ಮುಟ್ಟಿದ್ದು," ಎಂದು ಅತ್ತೆ ಒಮ್ಮೆ ವಾದಿಸಿ ನೋಡಿದರು.

"ಆ ಫೈಲು ಎಂತ ಮುಟ್ಟಿ ಬಂದದ್ದು?" ಎಂದರು ಅಜ್ಜಿ.

ಸಚಿವರ ಎದುರು ಮಾತಿಗೆ ಸೋಲದ ಅತ್ತೆ ಚೊಂಬು ಎತ್ತಿಕೊಂಡರು.

ಅಜ್ಜಿಯ ಇನ್ನೊಂದು ರಾಜ್ಯಭಾರ ಟೆರೇಸಿನ ಮೇಲೆ ನಡೆಯುತ್ತಿತ್ತು. ಚೈತ್ರ ಬಂದರೆ ಸಾಕು, ಉದ್ದಿನ ಹಪ್ಪಳ, ಹಲಸಿನ ಹಪ್ಪಳ, ಅರಳು ಸಂಡಿಗೆ. ಹಳೆಯ ಸೀರೆಗಳ ಮೇಲೆ ಅವುಗಳ ಸಾಲು. ಕಾಗೆಗಳನ್ನು ಬೆದರಿಸಲು ನಾಲ್ಕು ಮೂಲೆಗೆ ಬಿಚ್ಚಿ ಕಟ್ಟಿದ ಹಳೇ ಕಪ್ಪು ಕೊಡೆಗಳು. ಕೊಡೆಗೆ ಹೆದರದ ಕಾಗೆಗಳಿಗಾಗಿ ಭಾನುವಾರ ಅತ್ತೆಯ ಕಾವಲು. ಒಂದು ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಮೇಲೆ ಹೋಗಿ ನೋಡಿ, ಟೆರೇಸ್ ಯಾರೂ ಬಳಸುತ್ತಿಲ್ಲ, ಬೀಗ ಹಾಕಿ ಮೊಬೈಲ್ ಕಂಪನಿಯ ಟವರಿಗೆ ಕೊಡೋಣ ಎಂದು ಮೀಟಿಂಗಿನಲ್ಲಿ ಹೇಳಿದ. ಮರಾಠಿ ಅರೆಬರೆ ಬರುತ್ತಿದ್ದ ಅಜ್ಜಿ ಎದ್ದು ನಿಂತು ಅಚ್ಚ ಕನ್ನಡದಲ್ಲೇ, "ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಮಂಡೆ ಸಮ ಇಲ್ಲದವರು ನಿಮ್ಮಲ್ಲಿ ಯಾರಾದ್ರೂ ಉಂಟಾ?" ಎಂದು ಕೇಳಿದರು. ಮಾತು ಅರ್ಥವಾಗದಿದ್ದರೂ ಧ್ವನಿ ಎಲ್ಲರಿಗೂ ಅರ್ಥವಾಯಿತು, ಟವರು ಪಕ್ಕದ ಬಿಲ್ಡಿಂಗಿಗೆ ಹೋಯಿತು. ನಾವೆಲ್ಲ ಅದನ್ನು ಹೇಳಿ ಹೇಳಿ ನಕ್ಕೆವು. ಆ ನಗೆಯೊಳಗೆ ಒಂದು ಸರಕಾರಿ ನಿಯಮ ಅಡಗಿ ಕೂತಿದೆ ಎಂದು ಯಾರಿಗೆ ಗೊತ್ತಿತ್ತು? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆಯೇ?

ನಾನು ಆಗ ಕೋಪರಖೈರಣೆಯ ಪಕ್ಕದ ಮಹಾಪೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಂದು ಬೇಸಿಗೆಯ ಭಾನುವಾರ ಅತ್ತೆ ಕೊಡೆಯ ನೆರಳಿನಲ್ಲಿ ಕೂತು, ಒಂದು ಕೈಯಲ್ಲಿ ಕಾಗೆಯ ಕೋಲು, ಇನ್ನೊಂದರಲ್ಲಿ ಫೈಲು ಹಿಡಿದಿದ್ದರು. ಕೋಪರಖೈರಣೆಯ ಆಚೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ಮೀನುಗಾರರ ಒಂದು ಕೇರಿ ಇದೆ. ಅದರ ಪಕ್ಕದ ಬಯಲಿನಲ್ಲಿ ಟ್ರಕ್ಕು ನಿಲ್ಲಿಸುವ ತಾಣ ಮಾಡಬೇಕು, ಅದು ಖಾಲಿ ಜಾಗ, ನಿಮ್ಮ ಇಲಾಖೆಯ ಆಕ್ಷೇಪವಿಲ್ಲ ಎಂದು ಮಳೆ ಬರುವುದರೊಳಗೆ ಬರೆದುಕೊಡಿ ಎಂಬುದು ಫೈಲಿನ ಸಾರಾಂಶ. ಜೊತೆಗೆ ಫೋಟೋಗಳು. ಹಸಿರು ಹುಲ್ಲು, ಅಲ್ಲಲ್ಲಿ ನಿಂತ ನೀರು, ಒಂದು ಎಮ್ಮೆ. ನರಪಿಳ್ಳೆಯ ಸುಳಿವಿಲ್ಲ.

ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಹಪ್ಪಳಗಳನ್ನು ನೋಡಿದರು. ಒಂದು ಕಾಗೆ ಈ ಸಂದರ್ಭವನ್ನು ಚೆನ್ನಾಗಿ ಬಳಸಿಕೊಂಡಿತು.

"ಅಮ್ಮ, ಆಷಾಢದಲ್ಲಿ ಯಾರಾದ್ರೂ ಬಂದು ನಮ್ಮ ಟೆರೇಸು ನೋಡಿದ್ರೆ ಎಂತ ಕಾಣ್ತದೆ?"

"ಎಂತ ಕಾಣ್ತದೆ? ಪಾಚಿ ಕಾಣ್ತದೆ. ನೀನು ಮೊದಲು ಆ ಕಾಗೆ ಓಡಿಸು," ಎಂದರು ಅಜ್ಜಿ.

ಅತ್ತೆ ಕಾಗೆ ಓಡಿಸಲಿಲ್ಲ. ಕೋಲನ್ನು ಅಜ್ಜಿಯ ಕೈಗೆ ಕೊಟ್ಟು, "ಮಾಣಿ, ಚಪ್ಪಲಿ ಹಾಕು," ಎಂದು ನನ್ನನ್ನು ಎಬ್ಬಿಸಿದರು. ರಜೆಯ ದಿನ ಕಾರು ಕರೆಸುವವರಲ್ಲ ಅವರು. ಠಾಣೆಯಲ್ಲಿ ಗಾಡಿ ಬದಲಿಸಿ, ಕೋಪರಖೈರಣೆಯಲ್ಲಿ ರಿಕ್ಷಾ ಹಿಡಿದು ಖಾಡಿಯ ದಂಡೆಗೆ ಹೋದೆವು.

ಆ ಖಾಲಿ ಜಾಗ ನೋಡಬೇಕಿತ್ತು ನೀವು. ಬಿದಿರಿನ ಗಳಗಳ ಮೇಲೆ ಬೊಂಬಿಲ್ ಮೀನು ಒಗೆದ ಬಟ್ಟೆಯ ಹಾಗೆ ಸಾಲಾಗಿ ನೇತಾಡುತ್ತಿತ್ತು. ನೆಲದ ಮೇಲೆ ಜವಳಾ ಎಂಬ ಸಣ್ಣ ಸಿಗಡಿಯನ್ನು ಹರಡಿದ್ದರು. ಹೆಂಗಸರು ಬಗ್ಗಿ ಬಗ್ಗಿ ಅದನ್ನು ಮಗುಚುತ್ತಿದ್ದರು. ವಾಸನೆಗೆ ನನ್ನ ತಲೆ ಗಿರ್ರೆಂದಿತು. ಅತ್ತೆ ಮೂಗು ಮುಚ್ಚಲಿಲ್ಲ, ಅಲ್ಲೇ ಮಗುಚಿಟ್ಟ ಬುಟ್ಟಿಯ ಮೇಲೆ ಕೂತರು. ಆ ಹೆಂಗಸರ ಮುಂದಾಳು ಹೀರಾಬಾಯಿ ಎಂಬಾಕೆ. ಬಂದವರು ಯಾರೆಂದು ತಿಳಿದೊಡನೆ ಅವಳು ಮನೆಯೊಳಗಿಂದ ಎರಡು ದೊಡ್ಡ ಪಾಪ್ಲೆಟ್ ಮೀನು ಕಟ್ಟಿಸತೊಡಗಿದಳು. ಬಂದ ಸಾಹೇಬರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಅಲ್ಲಿರಲಿಲ್ಲ. ಅತ್ತೆ ತಾನು ಮೀನು ತಿನ್ನುವುದಿಲ್ಲ ಎಂದರು.

ಹೀರಾಬಾಯಿ ಕಂಗಾಲಾದಳು. "ಪಾಪ್ಲೆಟ್ ಖಾತ್ ನಾಹೀ? ಮಗ್ ತುಮ್ಹಾಲಾ ದ್ಯಾಯ್ಚಂ ತರೀ ಕಾಯ್?" ಪಾಪ್ಲೆಟ್ಟನ್ನೇ ತಿನ್ನದ ಅಧಿಕಾರಿಗೆ ಕೊಡುವುದಾದರೂ ಏನನ್ನು?

"ಪಾಣೀ ದ್ಯಾ," ಎಂದರು ಅತ್ತೆ. ನೀರು ಕೊಡಿ.

ಅವಳು ಕೊಟ್ಟ ಸ್ಟೀಲಿನ ಲೋಟದ ನೀರನ್ನು ಕೊನೆಯ ಹನಿಯವರೆಗೂ ಕುಡಿದರು. ಕಂಬಕ್ಕೆ ಒರಗಿದ್ದ ಒಬ್ಬ ಮುದುಕ, ಒಳ್ಳೆಯದಾಯಿತು, ನಮ್ಮದನ್ನು ತಿನ್ನುವವರಲ್ಲಿ ಒಬ್ಬರು ಕಡಿಮೆ ಎಂದು ಮರಾಠಿಯಲ್ಲಿ ಹೇಳಿದ, ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ಪ್ರಾಮಾಣಿಕತೆಯಲ್ಲಿ ಅರ್ಧ ಪಾಲು ನಮ್ಮ ಅಡುಗೆಮನೆಯದ್ದು ಎಂದು ನಾನು ಈಗಲೂ ಅವರನ್ನು ಕೆಣಕುವುದುಂಟು.

ಆಮೇಲೆ ಹೀರಾಬಾಯಿ ನಗು ನಿಲ್ಲಿಸಿ ಹೇಳಿದಳು. ಮಳೆ ಶುರುವಾದರೆ ದೋಣಿ ಮೇಲೆ ಬರುತ್ತದೆ, ಗಳಗಳನ್ನು ಬಿಚ್ಚಿ ಮನೆಯ ಹಿಂದೆ ಪೇರಿಸುತ್ತಾರೆ, ಬಯಲಿನಲ್ಲಿ ಹುಲ್ಲು ಬೆಳೆಯುತ್ತದೆ. ಹುಲ್ಲು ಇರುವಾಗಲೇ ಅಳತೆಯವರು ಬಂದು ಹೋದರು. ಈ ಬಯಲು ಹೋದರೆ ಗಂಡಸರು ತಂದ ಮೀನು ಅಂದಂದೇ ದಲಾಲಿ ಹೇಳಿದ ರೇಟಿಗೆ ಹೋಗುತ್ತದೆ, ಒಣಗಿಸಿ ಮಾರುವ ಹೆಂಗಸರ ಕೈ ಖಾಲಿ. "ಜಾಗ ಖಾಲಿ ಅಲ್ಲ ಮ್ಯಾಡಮ್, ನಾವು ಖಾಲಿ ಆಗ್ತೇವೆ," ಎಂಬರ್ಥದ ಮಾತು ಹೇಳಿ ಸಿಗಡಿ ಮಗುಚಲು ಎದ್ದು ಹೋದಳು.

ವಾಪಸು ಬರುವಾಗ ಗಾಡಿಯಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು. "ನೀರು ಕುಡಿದದ್ದು ಅಮ್ಮನಿಗೆ ಹೇಳ್ಬೇಡ."

ಮರುದಿನ ಅವರು ಸಹಿ ಹಾಕಲಿಲ್ಲ. ಮೇಲಿನ ಅಧಿಕಾರಿಗಳೆಲ್ಲ ಬಂದು ಬಿಸಿಲಿನಲ್ಲಿ ಜಾಗ ನೋಡಬೇಕು, ಆಮೇಲೆ ಮಾತು ಎಂದು ಬರೆದರು. ಅಲ್ಲಿಂದ ಶುರುವಾಯಿತು ನೋಡಿ. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದು ದಿನ ಮುಂದೆ ಹೋಗುತ್ತಲೇ ಇತ್ತು. ಒಂದು ಮಳೆ ಬಿದ್ದರೆ ಗಳ ಕೆಳಗಿಳಿಯುತ್ತದೆ, ಬಯಲು ಮತ್ತೆ ಖಾಲಿ ಎಂಬುದು ಮುಂದೆ ಹಾಕುವವರಿಗೂ ಗೊತ್ತಿತ್ತು. ಮನೆಗೆ ಫೋನು ಬರತೊಡಗಿತು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹಟ, ಸಮುದ್ರವೇ ಇಲ್ಲದ ಜಿಲ್ಲೆಗಳೂ ನಮ್ಮ ರಾಜ್ಯದಲ್ಲಿವೆ ಎಂದು ಒಬ್ಬರು ನಗುನಗುತ್ತಲೇ ಹೇಳಿದರು. "ಅಲ್ಲಿಯೂ ಕೆರೆ ಉಂಟಲ್ಲ," ಎಂದು ಅತ್ತೆಯೂ ನಗುನಗುತ್ತಲೇ ಫೋನು ಇಟ್ಟರು. ಇಟ್ಟ ಮೇಲೆ ಮಾತ್ರ ಅದೇ ಫೈಲನ್ನು ತೆಗೆದು ಮೊದಲಿನಿಂದ ಮತ್ತೆ ಓದಿದರು.

ಪ್ರತಿದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಟೆರೇಸಿಗೆ ಹೋಗಿ ಪಶ್ಚಿಮದ ಮೋಡ ನೋಡುತ್ತಿದ್ದರು. ಒಬ್ಬರಿಗೆ ಹಲಸಿನ ಹಪ್ಪಳದ ಚಿಂತೆ, ಇನ್ನೊಬ್ಬರಿಗೆ ಬೊಂಬಿಲಿನ ಚಿಂತೆ. "ನಿನಗೆಂತ ಮೋಡದ ಹೆದರಿಕೆ?" ಎಂದು ಅಜ್ಜಿ ಕೇಳಿದಾಗ ಅತ್ತೆ ಎಲ್ಲವನ್ನೂ ಹೇಳಿದರು, ನೀರಿನ ಲೋಟ ಒಂದನ್ನು ಬಿಟ್ಟು. ಆದರೂ ಸಂಜೆ ಬಕೆಟ್ಟು ಎಂದಿನಂತೆ ಬಾಗಿಲ ಹೊರಗಿತ್ತು.

ಕೊನೆಗೂ ದೊಡ್ಡವರು ಬಂದರು. ನಮ್ಮ ಪಕ್ಕದ ಠಾಕುರ್ಲಿಯ ಕಡೆ ನಾಲ್ಕು ಹನಿ ಉದುರಿ ನಿಂತ ಮರುದಿನ. ನಾನು ಮಹಾಪೆಯಲ್ಲಿ ಅರ್ಧ ದಿನ ರಜೆ ಹಾಕಿ, ದೂರದಲ್ಲಿ ನಿಂತು ನೋಡಿದೆ. ಮೂರು ಕಾರುಗಳಿಂದ ಇಳಿದವರ ಬೂಟುಗಳು ಬಯಲಿನ ಅಂಚಿನಲ್ಲೇ ನಿಂತುಬಿಟ್ಟವು, ಯಾಕೆಂದರೆ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಚಪ್ಪಲಿ ಬಿಚ್ಚಿ, ಸಿಗಡಿಯ ಸಾಲುಗಳ ನಡುವಿನ ಗೇಣಗಲದ ದಾರಿಯಲ್ಲಿ ನಡೆದು ಆಚೆ ತುದಿಗೆ ಹೋಗಿ ನಿಂತು, ಹಳೆಯ ಫೋಟೋವನ್ನು ಎತ್ತಿ ಹಿಡಿದರು. ಭಾಷಣ ಮಾಡಲಿಲ್ಲ. "ಇದೇ ಜಾಗ ಸರ್. ಯಾವ ತಿಂಗಳು ಎಂದು ಮಾತ್ರ ಕೇಳಿ," ಎಂದರು. ಬಂದವರಲ್ಲಿ ಹಿರಿಯರು ಕರ್ಚೀಫು ಜೇಬಿಗಿಟ್ಟು, ಬೂಟು ಬಿಚ್ಚಿ, ಅದೇ ದಾರಿಯಲ್ಲಿ ಅವರ ಹಿಂದೆ ನಡೆದರು. ಹೀರಾಬಾಯಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ನನಗೆ ಅಲ್ಲಿದ್ದ ಪ್ರತಿಯೊಬ್ಬರ ತೋಳು ಹಿಡಿದು, ಅವರು ನನ್ನ ಅತ್ತೆ ಎಂದು ಹೇಳಬೇಕೆನಿಸಿತು. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿಲ್ಲ, ಇದನ್ನು ದಯವಿಟ್ಟು ನನ್ನ ಹೆಂಡತಿಗೆ ಹೇಳಬೇಡಿ.

ಬಯಲು ಉಳಿಯಿತು. ಆಮೇಲೆ ನಕ್ಷೆಯಲ್ಲಿ ಅದು ಮೀನು ಒಣಗಿಸುವ ಜಾಗ ಎಂದೇ ಬಂತು. ಅದಕ್ಕಿಂತ ದೊಡ್ಡದು ಇನ್ನೊಂದು ಆಯಿತು. ಕರಾವಳಿಯಲ್ಲಿ ಯಾವ ದಂಡೆಯನ್ನಾದರೂ ಖಾಲಿ ಎನ್ನುವ ಮೊದಲು ಅದನ್ನು ಬಿಸಿಲುಗಾಲದಲ್ಲಿಯೂ ನೋಡಿರಬೇಕು ಎಂಬ ಒಂದು ಸಾಲನ್ನು ಅತ್ತೆ ಇಲಾಖೆಯ ನಿಯಮದಲ್ಲಿ ಸೇರಿಸಿದರು. ಆ ಒಂದು ಸಾಲಿನಿಂದ ಎಷ್ಟು ಕೇರಿಗಳ ಬಯಲು ಉಳಿಯಿತೋ ನನಗೆ ಗೊತ್ತಿಲ್ಲ. ಅದರ ಮೂಲ ನಮ್ಮ ಟೆರೇಸಿನ ಪಾಚಿ ಎಂಬುದು ಮಾತ್ರ ಗೊತ್ತು.

ಆ ಸಂಜೆ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ಎಂದರೆ ಅತ್ತೆ, "ಇದು ಸರಕಾರದ ಗಾಡಿ, ನೀನು ರೈಲಿನಲ್ಲಿ ಬಾ," ಎಂದುಬಿಟ್ಟರು. ದೇವರಿದ್ದಾನೆ, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸರಕಾರದ ಗಾಡಿ ಸಿಕ್ಕಿಕೊಂಡು ನಾನೇ ಮೊದಲು ಮನೆ ಮುಟ್ಟಿದೆ. ಅಜ್ಜಿಗೆ ಕಂಡದ್ದನ್ನೆಲ್ಲ ಹೇಳಿದೆ. ಅವರು ಬಕೆಟ್ಟು ತುಂಬಿಸಿ ಬಾಗಿಲಲ್ಲೇ ನಿಂತರು. ಅತ್ತೆ ಬಂದಾಗ ಇಡೀ ಮೆಟ್ಟಿಲೇ ಒಣಮೀನಿನ ವಾಸನೆ ಹೊಡೆಯಿತು, ಸೀರೆಯ ಅಂಚಿನಲ್ಲಿ ಎರಡು ಸಿಗಡಿ ಅಂಟಿಕೊಂಡಿತ್ತು. ಅತ್ತೆ ತಾವಾಗಿಯೇ ಚೊಂಬಿಗೆ ಕೈ ಹಾಕಿದರು.

"ನಿಲ್ಲು," ಎಂದರು ಅಜ್ಜಿ. "ಆ ಹೆಂಗಸರು ಕಾಗೆ ಓಡಿಸ್ಲಿಕ್ಕೆ ಎಂತ ಮಾಡ್ತಾರೆ?"

"ಹಳೇ ಕಪ್ಪು ಕೊಡೆ ಬಿಚ್ಚಿ ಕಟ್ತಾರೆ ಅಮ್ಮ, ನಿನ್ನ ಹಾಗೆಯೇ."

ಅಜ್ಜಿ ಬಕೆಟ್ಟು ಎತ್ತಿ, ನೀರನ್ನೆಲ್ಲ ತುಳಸಿಯ ಕುಂಡಕ್ಕೆ ಸುರಿದು, ಖಾಲಿ ಬಕೆಟ್ಟನ್ನು ಒಳಗೆ ತಂದಿಟ್ಟರು.

"ಹಾಗೇ ಬಾ ಒಳಗೆ," ಎಂದರು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅತ್ತೆ ನಿವೃತ್ತರಾಗಿ ಈಗ ಟೆರೇಸಿನ ಪೂರ್ಣಾವಧಿಯ ಅಧಿಕಾರಿ. ನಿನ್ನೆ ಠಾಣೆಯಲ್ಲಿ ಇಳಿಯುವಾಗ ಆ ಒಡತಿ ಬುಟ್ಟಿ ಇಳಿಸಲು ಒದ್ದಾಡುತ್ತಿದ್ದಳು. ಇಷ್ಟು ವರ್ಷ ವಾಸನೆಯ ಹೆಮ್ಮೆ ಮಾತ್ರ ಪಟ್ಟವನು, ನಿನ್ನೆ ಮೊದಲ ಸಲ ಬುಟ್ಟಿಗೆ ಕೈ ಹಾಕಿದೆ. ಭಾರವಿತ್ತು. ಅವಳ ತಲೆಗೆ ಏರಿಸುವಷ್ಟರಲ್ಲಿ ನನ್ನ ಅಂಗಿಯ ತೋಳೆಲ್ಲ ಒಣಮೀನಿನ ಪುಡಿ.

ಮನೆಯ ಬಾಗಿಲು ತೆರೆದ ಮಗಳು ಎರಡು ಹೆಜ್ಜೆ ಹಿಂದೆ ಸರಿದಳು. ಕನ್ನಡ ಅವಳಿಗೆ ಕೇಳಲು ಮಾತ್ರ, ಆಡಲು ಹಿಂದಿ. "ಪಪ್ಪಾ, ಆಪ್ ಸೇ ಮಚ್ಛೀ ಕೀ ಬಾಸ್ ಆ ರಹೀ ಹೈ. ಪೆಹಲೇ ನಹಾಕೇ ಆವೋ." ಮೀನಿನ ವಾಸನೆ, ಮೊದಲು ಸ್ನಾನ ಮಾಡಿ ಬನ್ನಿ ಎಂಬ ಅಪ್ಪಣೆ.

ನಾನು ಹೊಸ್ತಿಲಲ್ಲೇ ಚಪ್ಪಲಿ ಬಿಚ್ಚಿ ಅಪರಾಧಿಯಂತೆ ನಿಂತೆ. ಒಳಗೆ ಹಪ್ಪಳದ ಹಿಟ್ಟು ಕಲಸುತ್ತಿದ್ದ ಸರಸತ್ತೆ ತಲೆ ಎತ್ತಿ ಒಮ್ಮೆ ಉಸಿರೆಳೆದುಕೊಂಡರು. "ಜವಳಾ ಅಲ್ವಾ?" ಎಂದು ಕೇಳಿದರು. ನಾನು ಹೌದು ಎಂದೆ.

"ಹಾಗೇ ಬಾ ಒಳಗೆ."