ಅಪ್ಪ ಹಾಕಿದ ದೀಪ

ಕ್ಯಾತನಹಳ್ಳಿಯ ಹೊನ್ನಪ್ಪನ ಮನೆಯಲ್ಲಿ ಮುಸ್ಸಂಜೆಗೆ ದೀಪ ಹಾಕುವುದು ಮಗಳು ಪ್ರಮೀಳಾಳ ಕೆಲಸ. ಗೋಡೆಯ ಸ್ವಿಚ್ಚು ಎಟುಕದ ವಯಸ್ಸಿನಲ್ಲಿ ಅಪ್ಪನೇ ಅವಳನ್ನು ಎತ್ತಿ ಹಿಡಿಯುತ್ತಿದ್ದ. ಬಲ್ಬು ಹತ್ತಿದ ಕೂಡಲೇ ಮನೆಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬೆಳಕಿಗೆ ಕೈಮುಗಿಯಬೇಕು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಜಗಳವೂ ನಿಲ್ಲುತ್ತಿತ್ತು. ಅವ್ವ ದ್ಯಾವಮ್ಮ ರಾಗಿಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸುತ್ತಿದ್ದಳು. ಸಂಜೆಗೆ ಮನೆ ಕತ್ತಲಾಗಿರುವುದನ್ನು ಹೊನ್ನಪ್ಪ ಸಹಿಸುತ್ತಿರಲಿಲ್ಲ. ಕಬ್ಬಿನ ಗದ್ದೆಯಿಂದ ಬರುವಾಗ ದೂರದಿಂದಲೇ ಕಿಟಕಿಯನ್ನು ನೋಡಿಕೊಂಡು ಬರುತ್ತಿದ್ದ.

ಅವಳನ್ನು ಮೈಸೂರಿಗೆ ಕಳಿಸಿ ಎಂ.ಎಸ್ಸಿ. ಓದಿಸಿದ್ದು ಅವನ ಹಟವೇ. ‘ಮೀನು ಕಪ್ಪೆ ಕುಯ್ಯೋದ್ ಕಲ್ತು ಯಾರ್ ಮನೆ ಬೆಳಗಾಳು?’ ಎಂದು ನೆಂಟರು ಆಡಿಕೊಂಡರೆ, ‘ನಮ್ಮನೇದು ಬೆಳಗ್ತಾವ್ಳಲ್ಲ, ಸಾಕು ಬುಡು’ ಎನ್ನುತ್ತಿದ್ದ. ಓದು ಮುಗಿಸಿ ಬಂದ ಪ್ರಮೀಳಾ ಪಾಂಡವಪುರದ ಕಾಲೇಜೊಂದರಲ್ಲಿ ವಾರಕ್ಕೆ ಕೆಲವು ಗಂಟೆ ಪ್ರಾಣಿಶಾಸ್ತ್ರ ಪಾಠ ಹೇಳತೊಡಗಿದಳು. ಅಲ್ಲಿನ ಸೂಕ್ಷ್ಮದರ್ಶಕದ ಮಸೂರದಲ್ಲಿ ಬೂಸ್ಟು ಬೆಳೆದಿತ್ತು. ಅದರಲ್ಲಿ ಕಾಣದ್ದನ್ನು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದಳು.

ತೊಂಬತ್ತಾರರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಬೇಸಿಗೆ ಶಾಲೆಯೊಂದು ನಡೆಯಿತು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ಹೊಳೆದಂಡೆಯ ಹಳೆಯ ಬಂಗಲೆಯನ್ನು ಹಿಡಿದು ಅದನ್ನು ನಡೆಸಿತ್ತು. ಮಿದುಳು, ನರಗಳು ಕೆಲಸ ಮಾಡುವುದನ್ನು ಬೆಳಕಿನ ಮೂಲಕ ಕಣ್ಣಾರೆ ನೋಡುವ ವಿಧಾನಗಳನ್ನು ಕಲಿಸುವ ಶಾಲೆ. ಕಲ್ಕತ್ತೆಯಿಂದ, ಪುಣೆಯಿಂದ ಹುಡುಗರು ಬಂದಿದ್ದರು. ಈ ಸೀಮೆಯಿಂದ ಇಬ್ಬರೇ: ಪ್ರಮೀಳಾ, ಮತ್ತೆ ಗಂಜಾಮಿನ ಜಟಕಾ ಇಮಾಮ್ ಸಾಬರ ಮಗಳು ಆಲಿಯಾ.

ಶಾಲೆ ಇಲ್ಲಿಗೆ ಬಂದದ್ದು ಮೀನಿಗಾಗಿ. ನಮ್ಮ ಕಾಲುವೆಗಳಲ್ಲಿ ಓಡಾಡುವ, ಮೈಮೇಲೆ ನೀಲಿ ಪಟ್ಟೆಯ, ಬೆರಳುದ್ದದ ಮೀನು. ಅದರ ಎಳೆಯ ಮರಿ ಗಾಜಿನಂತೆ. ಒಳಗಿನ ನರಕ್ಕೆ ಒಂದು ಬಗೆಯ ಬಣ್ಣ ಸೇರಿಸಿದರೆ, ನರ ಕೆಲಸ ಮಾಡಿದಾಗಲೆಲ್ಲ ಅದು ಹಸಿರಾಗಿ ಮಿನುಗುತ್ತದೆ. ಮಿನುಗು ಎಷ್ಟು ಮಂಕು ಎಂದರೆ ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ಸಾವಿರ ಪಾಲು ಹಿಗ್ಗಿಸಿ ತೋರಿಸುವ ಕ್ಯಾಮೆರಾ ಒಂದೇ ಒಂದಿತ್ತು. ಶಾಲೆ ನಡೆಸುತ್ತಿದ್ದ ಮೇಡಂ ಮೊದಲ ದಿನವೇ ಹೇಳಿದ್ದರು: ‘ಇದು ತೆರೆದಿರುವಾಗ ಕೋಣೆಯಲ್ಲಿ ಬೆಂಕಿಕಡ್ಡಿ ಕೂಡ ಗೀರಬಾರದು. ಕುರುಡಾಗಿಬಿಡುತ್ತದೆ.’

ಮೊದಲ ವಾರ ತಂದ ಮೀನುಗಳು ಸತ್ತವು. ಪ್ರಮೀಳಾ ಅಪ್ಪನಿಗೆ ಹೇಳಿದಳು. ಹೊನ್ನಪ್ಪ ತನ್ನ ಗದ್ದೆಯ ಕಾಲುವೆಯಲ್ಲಿ ಪಂಚೆಯನ್ನು ಬಲೆಯಾಗಿ ಹಿಡಿದು ಮೀನು ಹಿಡಿದ. ಪ್ಲಾಸ್ಟಿಕ್ ಕೊಡದಲ್ಲಿ ತುಂಬಿಕೊಂಡು ಬಸ್ಸು ಹತ್ತಿದ.

‘ಏನ್ ಗೌಡ್ರೇ, ಮೀನಿಗೆ ಟಿಕೆಟ್ ಯಾರ್ ತಗೋತಾರೆ?’ ಎಂದ ಕಂಡಕ್ಟರು.

‘ಮೂರ್ ವರ್ಸ ತುಂಬಿಲ್ಲ ಕಣ್ಲಾ ಇವುಕ್ಕೆ. ಟಿಕೆಟ್ ಯಾವ್ದು?’

ಬಂಗಲೆಯ ಕಾವಲುಗಾರ ದಾಸಯ್ಯ ಆವತ್ತಿನಿಂದ ಅವನನ್ನು ‘ಮೀನಿನ ಗೌಡ್ರು’ ಎಂದೇ ಕರೆದ. ಆ ಮೀನುಗಳು ಬದುಕಿದವು, ಮೊಟ್ಟೆಯಿಟ್ಟವು.

‘ಇಷ್ಟ್ ದೊಡ್ ವಿದ್ಯೆಗೆ ನಮ್ ಕಾಲ್ವೆ ಮೀನೇ ಬೇಕಾಯ್ತಾ ಮಗಾ?’ ಎಂದು ಅವನು ಬೆರಗಿನಿಂದ ಕೇಳಿದ.

‘ಅದರ್ ತಲೆ ಒಳಗೆ ದೀಪ ಅತ್ತದು ತೋರುಸ್ತೀನಿ ಬಾರಪ್ಪ. ನನ್ ಸರದಿ ಬಂದ್ ದಿನ ಏಳ್ತೀನಿ. ಸಂಜೆ ಬಾ.’

ಹೀಗೆ ಅವನನ್ನು ಕರೆದವಳು ಅವಳೇ.

ಪ್ರತಿಯೊಬ್ಬರೂ ತಮ್ಮದೇ ಒಂದು ದಾಖಲೆಯನ್ನು ವಿಡಿಯೋ ಟೇಪಿನಲ್ಲಿ ಹಿಡಿದು ಕೊನೆಯ ದಿನ ತೋರಿಸಬೇಕಿತ್ತು. ಅದನ್ನು ನೋಡಿ ಮೇಡಂ ಒಬ್ಬರನ್ನು ತಮ್ಮ ಪ್ರಯೋಗಾಲಯಕ್ಕೆ ಸಂಶೋಧನೆಗೆ ಆರಿಸಿಕೊಳ್ಳುವವರಿದ್ದರು. ಮೊದಮೊದಲು ಬಣ್ಣ ಚುಚ್ಚುವಾಗ ಪ್ರಮೀಳಾಳ ಸೂಜಿ ನಡುಗಿ ಮರಿಗಳು ಸಾಯುತ್ತಿದ್ದವು. ಬರಬರುತ್ತ ಕೈ ನಿಂತಿತು. ಒಂದು ಮಧ್ಯಾಹ್ನ ಮೇಡಂ ಅವಳ ಹೆಗಲ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿ, ‘ಈ ಕೈ ಪಾಂಡವಪುರದಲ್ಲಿ ಏನು ಮಾಡುತ್ತಿದೆ?’ ಎಂದರು. ಆ ಮಾತನ್ನು ಅವಳು ಎದೆಯೊಳಗೆ ಇಟ್ಟುಕೊಂಡು ಓಡಾಡಿದಳು. ಊಟ ಮಾಡುವಾಗ ತನ್ನ ಕೈಯನ್ನು ತಾನೇ ನೋಡಿಕೊಂಡಳು.

ಬಂಗಲೆಯ ಹೆಂಚಿನ ಸಂದಿಯಿಂದ ಹಗಲೆಲ್ಲ ಬೆಳಕು ಸೋರುತ್ತಿತ್ತು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದರೂ ಹೊತ್ತು ಮುಳುಗುವವರೆಗೆ ಕೋಣೆ ನಿಜವಾಗಿ ಕತ್ತಲಾಗುತ್ತಿರಲಿಲ್ಲ. ಹಾಗಾಗಿ ದಿನವೂ ಕೆಲಸ ಶುರುವಾಗುತ್ತಿದ್ದದ್ದು ಮುಸ್ಸಂಜೆಗೇ. ಬಾಗಿಲ ಚಿಲಕ ಕೂರುತ್ತಿರಲಿಲ್ಲ. ಅದಕ್ಕೆ ಹೊರಗೆ ಒಂದು ಕೆಂಪು ಜೀರೋ ಬಲ್ಬು ತೂಗುಹಾಕಿದ್ದರು. ಅದು ಉರಿಯುತ್ತಿದ್ದರೆ ಒಳಗೆ ಬರಬಾರದು ಎಂದು ಅರ್ಥ.

ತನ್ನ ಸರದಿಯ ದಿನ, ಅಪ್ಪನಿಗೆ ಬರಹೇಳಿದ್ದ ಸಂಜೆ, ಪ್ರಮೀಳಾ ಸೂಕ್ಷ್ಮದರ್ಶಕದ ಮುಂದೆ ಕುಳಿತಳು. ಪಕ್ಕದಲ್ಲಿ ಟೇಪಿನ ಯಂತ್ರ ಹಿಡಿದು ಆಲಿಯಾ, ಹಿಂದೆ ಮೇಡಂ, ಗೋಡೆಗೊರಗಿ ಉಳಿದವರು. ಮರಿಯ ಬಾಲಕ್ಕೆ ಸೂಜಿಯಿಂದ ಒಂದು ಹನಿ ನೀರು ಚಿಮ್ಮಿಸಿದಳು. ಟೀವಿ ಪರದೆಯ ಮೇಲೆ ಮಂಕಾಗಿದ್ದ ಎರಡು ಹಸಿರು ಚುಕ್ಕೆಗಳು ಥಟ್ಟನೆ ಹೊಳೆದು, ನಿಧಾನವಾಗಿ ಆರಿದವು. ಮರಿ ಬೆದರಿತ್ತು, ಆ ಹೆದರಿಕೆ ಅದರ ತಲೆಯಲ್ಲಿ ಹುಟ್ಟಿದ್ದು ಕಣ್ಣಿಗೆ ಕಂಡಿತ್ತು.

‘ಯಾ ಅಲ್ಲಾ!’ ಎಂದಳು ಆಲಿಯಾ, ಪಿಸುದನಿಯಲ್ಲಿ.

‘ಇಷ್ಟು ಚೊಕ್ಕವಾಗಿ ಯಾರಿಗೂ ಬಂದಿಲ್ಲ. ಟೇಪು ಹಾಕಿ, ಇನ್ನೊಮ್ಮೆ’ ಎಂದರು ಮೇಡಂ. ಟೇಪು ತಿರುಗತೊಡಗಿತು. ಪ್ರಮೀಳಾ ಉಸಿರು ಬಿಗಿಹಿಡಿದು ಸೂಜಿಯನ್ನು ಬಾಲದ ಹತ್ತಿರಕ್ಕೆ ತಂದಳು.

ಹೊನ್ನಪ್ಪ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮೀನಿನ ಗೌಡರೆಂದು ದಾಸಯ್ಯ ಗೇಟಿನಲ್ಲಿ ತಡೆದಿರಲಿಲ್ಲ. ಕೆಂಪು ಜೀರೋ ಬಲ್ಬನ್ನು ಹೊನ್ನಪ್ಪ ಕಂಡಿದ್ದು ಒಂದೇ ಕಡೆ, ಮನೆಯ ದೇವರ ಪಟದ ಮುಂದೆ. ಅವನು ಮೆಟ್ಟು ಕಳಚಿದ. ಒಗೆದ ಅಂಗಿಯ ಗುಂಡಿ ಸರಿಮಾಡಿಕೊಂಡ. ಬಾಗಿಲು ತಳ್ಳಿ, ಒಳಗೆ ಇಳಿಬಿಟ್ಟ ಕಪ್ಪು ಬಟ್ಟೆ ಸರಿಸಿದ. ಒಳಗೆ ಕಗ್ಗತ್ತಲು, ಆ ಕತ್ತಲಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

‘ಇದ್ಯಾಕ್ರಪ್ಪ, ದೀಪ ಅಚ್ಚೋ ಒತ್ನಲ್ಲಿ ಇಂಗೆ ಕತ್ಲಲ್ಲಿ ಕುಂತಿದ್ದೀರಾ!’ ಎನ್ನುತ್ತ ಗೋಡೆ ತಡವಿ ಸ್ವಿಚ್ಚು ಒತ್ತಿದ.

ಕೊಳವೆ ದೀಪ ಎರಡು ಸಲ ಮಿಟುಕಿ ಹತ್ತಿತು. ಹೊನ್ನಪ್ಪ ಕಣ್ಣು ಮುಚ್ಚಿ ಅದಕ್ಕೆ ಕೈಮುಗಿದ. ಟೀವಿ ಪರದೆ ಒಮ್ಮೆ ಬೆಳ್ಳಗೆ ಉರಿದು ಕಪ್ಪಾಯಿತು. ಮೇಡಂ ಚೀರಿದರು. ಏನಾಯಿತೆಂದು ಪ್ರಮೀಳಾಳ ಮನಸ್ಸಿಗೆ ತಿಳಿಯುವ ಮೊದಲೇ ಅವಳ ಕೈ ಸೂಜಿಯನ್ನು ಬಿಟ್ಟಿತ್ತು. ಎರಡು ಕೈಯೂ ಎದೆಯ ಮುಂದೆ ಜೋಡಿಕೊಂಡಿದ್ದವು.

ಎಲ್ಲರೂ ಅದನ್ನು ನೋಡಿದರು.

ಕ್ಯಾಮೆರಾ ಮತ್ತೆ ಕಣ್ಣು ಬಿಡಲಿಲ್ಲ. ಬೇರೆ ತರಿಸಲು ದಿನಗಳಿರಲಿಲ್ಲ. ಅಷ್ಟರಲ್ಲಿ ಮರಿಯ ಗಾಜಿನ ಮೈಯೂ ಮಸುಕಾಗಿರುತ್ತಿತ್ತು. ಹೊನ್ನಪ್ಪ ಪಡಸಾಲೆಯಲ್ಲಿ ನಿಂತೇ ಇದ್ದ, ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು. ಮಗಳು ಹೊರಗೆ ಬಂದದ್ದೇ ಕೇಳಿದ: ‘ಏನಾಯ್ತವ್ವಾ? ಯಾಕಂಗೆ ಕಿರುಚ್ತಾವ್ರೆ ಅವ್ರು?’

‘ನೀನ್ ಯಾಕ್ ಬಂದೆ? ಎಲ್ಲಾ ಆಳ್ ಮಾಡ್ಬುಟ್ಟೆ. ನೋಡ್ತಾ ಇದ್ವಿ ಕಣಪ್ಪ, ಒಳಗೆ ನಾವ್ ನೋಡ್ತಾ ಇದ್ವಿ! ಕೇಳ್ಕಂಡು ದೀಪ ಆಕಾಕಾಗ್ನಿಲ್ವಾ ನಿಂಗೆ?’

‘ದೀಪ ಆಕಾಕೆ ಯಾರುನ್ನ ಕೇಳ್ಬೇಕು ಮಗಾ?’ ಎಂದ. ವಾದಕ್ಕಲ್ಲ, ನಿಜವಾಗಿಯೂ ಗೊತ್ತಿಲ್ಲದೆ.

‘ಓಗು. ಮನೆಗೋಗು ನೀನು.’

ಅವನು ಹೋದ. ಮೆಟ್ಟು ಹಾಕಿಕೊಂಡದ್ದು ಗೇಟು ದಾಟಿದ ಮೇಲೆ ಎಂದು ದಾಸಯ್ಯ ಆಮೇಲೆ ಹೇಳಿದ.

ಮರುದಿನ ಮೇಡಂ ಅವಳನ್ನು ಕರೆದು ಮೃದುವಾಗಿಯೇ ಮಾತಾಡಿದರು. ಯಾರ ತಪ್ಪೂ ಅಲ್ಲ, ನಾನು ಕಣ್ಣಾರೆ ನೋಡಿದ್ದೇನೆ, ಆದರೆ ಸಂಸ್ಥೆಗೆ ತೋರಿಸಲು ಟೇಪು ಬೇಕಲ್ಲ ಎಂದರು. ಕಲ್ಕತ್ತೆಯ ಹುಡುಗ ಆಯ್ಕೆಯಾದ. ಇದನ್ನು ಪ್ರಮೀಳಾ ನುಂಗಿಕೊಳ್ಳಬಹುದಿತ್ತು. ಕೊನೆಯ ದಿನದ ಊಟದಲ್ಲಿ ಕರೆಂಟು ಹೋಗಿ ಬಂತು. ದೀಪ ಹತ್ತಿದೊಡನೆ ಪುಣೆಯ ಹುಡುಗನೊಬ್ಬ ಕಣ್ಣು ಮುಚ್ಚಿ, ಭಕ್ತಿಯ ಮುಖ ಮಾಡಿ ಕೈಜೋಡಿಸಿದ. ಉಳಿದವರೂ ಜೋಡಿಸಿದರು. ದೊಡ್ಡ ನಗು. ಆಲಿಯಾ ತಟ್ಟೆಯನ್ನು ದೂಡಿ ಎದ್ದು ಹೋದಳು. ಪ್ರಮೀಳಾ ತಲೆಯೆತ್ತಿ ನೋಡಿದಾಗ ಮೇಡಂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಹೆಗಲು ಕುಲುಕುತ್ತಿತ್ತು.

ಅವಳಿಗೆ ನಾಗಮಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಕೆಲಸ ಸಿಕ್ಕಿತು. ಅಲ್ಲಿಯೇ ಒಂದು ಕೋಣೆ ಹಿಡಿದಳು. ಮಿದುಳಿನ ಪಾಠ ಬಂದಾಗ ಪುಸ್ತಕದಲ್ಲಿದ್ದಷ್ಟನ್ನು ಓದಿ ಹೇಳಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದಳು. ಬಣ್ಣದ ಸೀಮೆಸುಣ್ಣ ಕೇಳುತ್ತಿರಲಿಲ್ಲ. ದೀಪ ಹತ್ತಿದರೆ ಈಗ ಅವಳ ಕೈ ಮೇಲೇಳುತ್ತಿರಲಿಲ್ಲ. ಅದನ್ನು ಅವಳು ಹಟ ಹಿಡಿದು ಕಲಿತಿದ್ದಳು. ಬೇಸಿಗೆ ಶಾಲೆಯಿಂದ ಅವಳಿಗೆ ಉಳಿದ ಕಲಿಕೆ ಅದೊಂದೇ.

ತೊಂಬತ್ತೊಂಬತ್ತರ ಒಂದು ಶನಿವಾರ ಊರಿಗೆ ಬಂದಾಗ ಹೊತ್ತು ಮುಳುಗಿತ್ತು. ದೂರದಿಂದ ನೋಡಿದಳು, ಕಿಟಕಿ ಕಪ್ಪಗಿತ್ತು. ಅಣ್ಣ ಲೋಕೇಶ ಹಾಲಿನ ಡೈರಿಗೆ ಹೋಗಿದ್ದ, ಅವ್ವ ಹಿತ್ತಲಲ್ಲಿದ್ದಳು. ನಡುಮನೆಯ ಕತ್ತಲಲ್ಲಿ ಅಪ್ಪ ಗೋಡೆಗೊರಗಿ ಕುಳಿತಿದ್ದ, ಸ್ವಿಚ್ಚಿನ ಕೆಳಗೇ.

ಹಿತ್ತಲಿಂದ ಅವ್ವ ಕೂಗಿದಳು: ‘ಬಂದ್ಯಾ ಮಗಾ? ನೋಡು ನಿಮ್ಮಪ್ಪನ್ನ. ಕತ್ಲಾದ್ರೂ ಅಂಗೇ ಕುಂತಿರ್ತಾನೆ. ಕೈ ಎತ್ತುದ್ರೆ ಸಿಕ್ತದೆ ಸುಚ್ಚು, ಒತ್ತಾಕಿಲ್ಲ. ಮೂರ್ ವರ್ಸಾಯ್ತು, ಯಾವ್ ದಯ್ಯ ಮೆಟ್ಕತೋ!’

‘ಯಾಕಪ್ಪ?’ ಎಂದಳು ಪ್ರಮೀಳಾ.

‘ಏನಿಲ್ಲ ಕಣವ್ವ’ ಎಂದ ಹೊನ್ನಪ್ಪ. ತಲೆಯ ಮೇಲಿನ ಸ್ವಿಚ್ಚಿನತ್ತ ಕತ್ತೆತ್ತಿ, ‘ಒಳಗೆ ಯಾರಾರ ಏನಾರ ನೋಡ್ತಾ ಇದ್ರೆ?’

ಅವಳು ಹೊಸ್ತಿಲಲ್ಲಿ ನಿಂತಳು. ಹೇಳಬೇಕಾದ ಮಾತು ಒಂದಿತ್ತು, ಆವತ್ತು ನಿನ್ನನ್ನು ಕರೆದವಳು ನಾನೇ ಎಂಬುದು. ಮೂರು ವರ್ಷದಿಂದ ಇತ್ತು. ಬಾಯಿಗೆ ಬಂದದ್ದು ಬೇರೆ.

‘ಯಾರೂ ಏನೂ ನೋಡ್ತಾ ಇಲ್ಲ ಕಣಪ್ಪ. ಆಕು.’

ಅವನು ಏಳಲಿಲ್ಲ. ಪ್ರಮೀಳಾ ಒಳಗೆ ಬಂದು ಅವನ ತಲೆಯ ಮೇಲಿಂದ ಕೈ ಚಾಚಿ ತಾನೇ ಸ್ವಿಚ್ಚು ಒತ್ತಿದಳು. ಬಲ್ಬು ಹತ್ತಿತು. ಹೊನ್ನಪ್ಪ ಕಣ್ಣು ಮುಚ್ಚಿ ಕೈಮುಗಿದ. ಕೈಮುಗಿದವನ ಪಕ್ಕದಲ್ಲಿ ಅವಳು ಕೈಚೀಲವನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು, ಅವನು ಕಣ್ಣು ತೆರೆಯುವವರೆಗೂ.